ಅಡಕತ್ತರಿಗೆ ಟಾಟಾ

ಈ ಮಾತನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಯುಗಾದಿ ಕಳೆಯಲಿ ಎಂದೆ. ಅವರೆಕಾಯಿ ಕಾಲ ಮುಗಿಯಲಿ ಎಂದೆ. ಮೊಮ್ಮಗಳ ಪರೀಕ್ಷೆ ಆಗಲಿ, ಮನೆಗೆ ಸುಣ್ಣ ಬಣ್ಣ ಆಗಲಿ ಎಂದೆ. ನೆಪ ಹುಡುಕುವವನಿಗೆ ವರ್ಷದ ಯಾವ ದಿನವೂ ಬಿಡುವಿರುವುದಿಲ್ಲ. ಹೇಳಬೇಕಾದದ್ದೇನೂ ದೊಡ್ಡ ಭಾಷಣವಲ್ಲ. ನಮ್ಮ ಅತ್ತಿಗೆಗೆ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿಗೆ, ‘ತಪ್ಪಾಯ್ತು’ ಎನ್ನಬೇಕು, ಅಷ್ಟೇ. ಅವರಿಗೆ ಎಂಬತ್ತು ದಾಟಿದೆ. ನನಗೂ ಎಪ್ಪತ್ತು ದಾಟಿ, ಕೂತು ಏಳುವಾಗ ಮಂಡಿ ಮಾತಾಡತೊಡಗಿದೆ. ಇಬ್ಬರಲ್ಲಿ ಒಬ್ಬರು ಹೊರಟುಬಿಟ್ಟರೆ ಆ ಮಾತು, ಏರ್‌ಪೋರ್ಟಿನ ಬೆಲ್ಟಿನ ಮೇಲೆ ಯಾರೂ ಎತ್ತಿಕೊಳ್ಳದ ಪೆಟ್ಟಿಗೆಯ ಹಾಗೆ, ಸುತ್ತುತ್ತಲೇ ಇರುತ್ತದೆ.

ನೋಡಿ, ಹೋಲಿಕೆ ಕೊಡಲು ಹೊರಟರೂ ನನಗೆ ಏರ್‌ಪೋರ್ಟೇ ಬರುತ್ತದೆ. ಅದಕ್ಕೇ ನಮ್ಮ ಕಡೆ ನನ್ನನ್ನು ‘ಏರ್‌ಪೋರ್ಟ್ ಸೀನಪ್ಪ’ ಎನ್ನುವುದು.

ನಿನ್ನೆ ಬೆಳಿಗ್ಗೆ ನಡೆದದ್ದು ಕೇಳಿ. ಯಲಹಂಕದ ಹಳೇ ಊರಿನಲ್ಲಿ ನಮ್ಮ ಮನೆ. ಮಹಡಿಯಲ್ಲಿ ವಿಜಯಪುರದ ಕಡೆಯ ಬಸವರಾಜ ಎಂಬವರು ಬಾಡಿಗೆಗಿದ್ದಾರೆ; ಇಲ್ಲೇ ಒಂದು ಕಾಲೇಜಿನಲ್ಲಿ ಕೆಲಸ. ಇದೇ ಮೊದಲ ಸಲ ವಿಮಾನ ಹತ್ತುವವರು. ಮೆಟ್ಟಿಲಿಳಿದು ಬಂದವರೇ ಕೇಳಿದರು:

“ಕಾಕಾ, ಗಟ್ಟಿ ಮೊಸರು ಡಬ್ಬ್ಯಾಗ ಹಾಕ್ಕೊಂಡು ಕೈಯಾಗ ಒಯ್ಯಾಕ ಬಿಡ್ತಾರೇನ್ರಿ? ರೊಟ್ಟಿ, ಶೇಂಗಾ ಹಿಂಡಿ ಅಂತೂ ಬಿಡ್ತಾರಲ್ರೀ?”

ಒಂದು ಕಾಲವಿತ್ತು, ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಮೊಸರಿನಿಂದ ಶುರುಮಾಡಿ ರನ್‌ವೇ ತನಕ ಹೋಗುತ್ತಿದ್ದೆ. ನಿನ್ನೆ ಮಾತ್ರ ತೆರೆದ ಬಾಯಿಗೆ ಕೈ ಅಡ್ಡ ಹಿಡಿದೆ. ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನ ಹೆಂಡತಿ ರತ್ನಮ್ಮ ನಕ್ಕಳು.

“ಅವರೇನೂ ಹೇಳಲ್ಲ ಕಣ್ರೀ. ಕಾಶೀಲಿ ಬಿಟ್ಟು ಬಂದವ್ರೆ.”

“ಏನ ಬಿಟ್ಟು ಬಂದಾರ್ರೀ?”

“ಏರ್‌ಪೋರ್ಟಿನ ಬಗ್ಗೆ ಬುದ್ಧಿ ಹೇಳೋದನ್ನ. ನಮ್ಮ ಪುಣ್ಯ!”

ಬಸವರಾಜರು ನನ್ನ ಮುಖ ನೋಡಿದರು, ನಾನು ಅವರೆಕಾಯಿ ನೋಡಿದೆ. ಪಾಪ, ಮೊಸರಿನ ಪ್ರಶ್ನೆ ಹೊತ್ತುಕೊಂಡೇ ಮಹಡಿ ಹತ್ತಿದರು. ಆಮೇಲೆ ನನಗೆ ಹೊಳೆಯಿತು. ಬಾಯಲ್ಲಿ ಹೇಳುವುದಿಲ್ಲ ಎಂದು ಗಂಗೆಯ ಮುಂದೆ ಅಂದದ್ದು ನಿಜ, ಬರೆಯುವುದಿಲ್ಲ ಎಂದು ನಾನೆಲ್ಲೂ ಅಂದಿಲ್ಲ. ಹಾಗಾಗಿ ಬಸವರಾಜರಿಗೂ, ಅವರ ಹಾಗೆ ಮೊದಲ ಸಲ ಹೊರಟಿರುವ ನಿಮಗೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮಧ್ಯೆ ಅತ್ತಿಗೆಯ ವಿಷಯ ಬಂದರೆ ಬೇಸರ ಮಾಡಿಕೊಳ್ಳಬೇಡಿ. ನಿಜ ಹೇಳಬೇಕೆಂದರೆ ಕೂತದ್ದೇ ಅದಕ್ಕೆ.

ಮೊದಲು, ಎಸ್ಸೆಸ್ಸೆಲ್ಸಿ ಓದಿದ ನನಗೆ ಈ ಪಾಂಡಿತ್ಯ ಹೇಗೆ ಬಂತು ಎಂಬುದು. ನಮ್ಮ ಊರು ಬಾಗಲೂರಿನಿಂದ ಆಚೆಗಿತ್ತು. ರಾಗಿ, ಹುರುಳಿ, ಒಂದಷ್ಟು ದ್ರಾಕ್ಷಿ. ಏರ್‌ಪೋರ್ಟು ಬಂದಾಗ ನಮ್ಮ ಹೊಲ ಅದರ ಅಡಿಗೆ ಹೋಯಿತು. ನಾವು ಯಲಹಂಕಕ್ಕೆ ಬಂದೆವು. ಬೇರೆಯವರಿಗೆ ಅದು ವಿಮಾನ ನಿಲ್ದಾಣ. ನಮಗೆ ಮಾತ್ರ ಇವತ್ತಿಗೂ ಅದು ನಮ್ಮ ಹೊಲದ ಮೇಲೆ ಯಾರೋ ಕಟ್ಟಿಸಿದ ದೊಡ್ಡ ಮನೆ. ನಮ್ಮ ನೆಲದ ಮೇಲೆ ನಿಂತಿರುವ ಕಟ್ಟಡದ ಬಗ್ಗೆ ನಮಗೆ ಗೊತ್ತಿಲ್ಲದ್ದು ಏನಿರಲು ಸಾಧ್ಯ? ನಾನು ಪ್ರಾಮಾಣಿಕವಾಗಿ ಹಾಗೇ ನಂಬಿದ್ದೆ. ನಮ್ಮ ಕಡೆಯವರೆಲ್ಲ ಹಾಗೇ ನಂಬಿದ್ದರು.

ಆದ್ದರಿಂದ ನಾನು ದಾರಿ ಹೇಳುತ್ತಿದ್ದದ್ದೂ ಹೊಲದ ಲೆಕ್ಕದಲ್ಲೇ. “ಟ್ಯಾಕ್ಸಿ ಸಾಲು ನಿಲ್ತದಲ್ಲ, ಅದು ನಮ್ಮ ಬಾವಿ. ಅಲ್ಲಿ ಇಳ್ಕೊ. ಅಲ್ಲಿಂದ ಹುಣಸೇಮರದ ಕಡೆ ತಿರುಗಿದ್ರೆ ಸೀದಾ ಬಾಗಿಲು” ಎನ್ನುತ್ತಿದ್ದೆ. ಅತ್ತಿಗೆಯ ಮಗ ನಾಗರಾಜ ಒಮ್ಮೆ ಫೋನ್ ಮಾಡಿ ಕೂಗಾಡಿದ್ದ.

“ಚಿಕ್ಕಪ್ಪ, ಹುಣಸೇಮರ ಎಲ್ಲೈತೆ?”

“ಇಲ್ಲ ಕಣೋ ಈಗ. ಇದ್ದ ಕಡೆ ತಿರುಗು.”

“ಇದ್ದ ಕಡೆ ಅಂದ್ರೆ? ಇಲ್ಲಿ ಬರೀ ಕಾರು ನಿಂತವೆ!”

“ಹಾಂ, ಅದೇ. ಸರಿಯಾಗೇ ಬಂದಿದ್ದೀಯ.”

ಈ ವಿದ್ಯೆಯ ದೊಡ್ಡ ಅನುಕೂಲವೆಂದರೆ ಯಾರೂ ಬಂದು ತಪ್ಪೆಂದು ತೋರಿಸುವ ಹಾಗಿಲ್ಲ. ಬಾವಿಯೂ ಇಲ್ಲ, ಮರವೂ ಇಲ್ಲ. ಇರುವವನು ನಾನೊಬ್ಬನೇ.

ನಮ್ಮಲ್ಲಿ ಒಬ್ಬರು ವಿಮಾನ ಹತ್ತುತ್ತಾರೆಂದರೆ ಟೆಂಪೊ ತುಂಬ ಜನ ಕಳಿಸಲು ಹೋಗುತ್ತೇವೆ. ಚಿತ್ರಾನ್ನದ ಡಬ್ಬಿ, ಬಾಳೆಹಣ್ಣು, ಅರಿಶಿನ ಕುಂಕುಮ. ಒಮ್ಮೆ ನನ್ನ ಹೆಂಡತಿ ಅಲ್ಲೇ ಗಾಜಿನ ಬಾಗಿಲ ಮುಂದೆ ನಿಂಬೆಹಣ್ಣು ನಿವಾಳಿಸಿ ಕಾಲಲ್ಲಿ ಹಿಸುಕಲು ಹೊರಟಳು. ಕಾವಲಿನವನು ಬಂದೂಕು ಹೆಗಲಿಗೇರಿಸಿಕೊಂಡು ಓಡಿ ಬಂದ. ಅವಳು ಹೆದರುವಳೇ? ಅವನಿಗೂ ಒಂದು ಸುತ್ತು ನಿವಾಳಿಸಿದಳು. ಅವನು ಬೇರೆ ರಾಜ್ಯದ ಹುಡುಗ. ಅವನೂರಿನಲ್ಲೂ ಹೀಗೇ ಮಾಡುತ್ತಾರೋ ಏನೋ, ತಲೆ ಬಗ್ಗಿಸಿ ನಿಂತ!

ಇನ್ನು ಬುದ್ಧಿಮಾತು. ಆರ್.ಟಿ. ನಗರ, ಯಶವಂತಪುರದ ಕಡೆಯಿಂದ ಬರುವವರು ಹೆಬ್ಬಾಳವನ್ನು ನಂಬಬೇಡಿ. ಇಲ್ಲಿಂದ ದಿಲ್ಲಿಗೆ ಎಷ್ಟು ಹೊತ್ತು ಎಂದು ಕರಾರುವಾಕ್ಕಾಗಿ ಹೇಳಬಹುದು, ಹೆಬ್ಬಾಳದ ಸೇತುವೆ ದಾಟಲು ಎಷ್ಟು ಹೊತ್ತು ಎಂದು ಹೇಳುವವರು ಇನ್ನೂ ಹುಟ್ಟಿಲ್ಲ. ಟರ್ಮಿನಲ್ ಎರಡಿವೆ, ಯಾವುದು ನಿಮ್ಮದು ಎಂದು ಮನೆಯಲ್ಲೇ ನೋಡಿಕೊಂಡು ಹೊರಡಿ. ಎರಡೂ ಚೆನ್ನಾಗಿವೆ, ಎರಡರಲ್ಲೂ ಗಿಡಗಳಿವೆ, ಆದರೆ ನಿಮ್ಮ ವಿಮಾನ ಇರುವುದು ಒಂದರಲ್ಲಿ ಮಾತ್ರ. ಪೆಟ್ಟಿಗೆಯ ತೂಕ ಮನೆಯಲ್ಲೇ ನೋಡಿ. ನಮ್ಮ ಮನೆಯಲ್ಲಿ ದ್ರಾಕ್ಷಿ ತೂಗುತ್ತಿದ್ದ ಕೊಕ್ಕೆ ತಕ್ಕಡಿ ಬಾಗಿಲ ಹಿಂದೆ ಈಗಲೂ ನೇತಾಡುತ್ತಿದೆ, ಬಂದು ತೂಗಿಕೊಳ್ಳಿ. ಲೋಕದ ಪೆಟ್ಟಿಗೆಗಳೆಲ್ಲ ಕಪ್ಪು. ನಿಮ್ಮದರ ಹಿಡಿಗೆ ಹಳೇ ಸೀರೆಯ ಅಂಚು ಹರಿದು ಕಟ್ಟಿ. ಒಳಗೆ ಕಾಫಿಯ ಬೆಲೆ ಕೇಳಿದ ಮೇಲೆ ನಿದ್ದೆ ತಾನಾಗಿ ಹಾರಿಹೋಗುತ್ತದೆ. ಆಮೇಲೆ ಕುಡಿಯುವ ಅಗತ್ಯ ಕಾಣುವುದಿಲ್ಲ. ಬಸವರಾಜರೇ, ಮೊಸರು ಬೇಡ, ರೊಟ್ಟಿ ಧಾರಾಳವಾಗಿ ಒಯ್ಯಿರಿ, ಒಂದೆರಡು ಇಲ್ಲೂ ಕೊಟ್ಟು ಹೋಗಿ.

ಇಷ್ಟೆಲ್ಲ ಹೇಳುತ್ತಿದ್ದ ನಾನು ಯಾರಿಗೂ ಹೇಳದ ಒಂದು ಸಂಗತಿ ಇತ್ತು. ಆ ಗಾಜಿನ ಬಾಗಿಲಿನಾಚೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲವಲ್ಲ! ಒಳಗಿನ ನನ್ನ ಜ್ಞಾನವೆಲ್ಲ ಹೋಗಿ ಬಂದವರ ಬಾಯಿಂದ ಕೇಳಿ ಜೋಡಿಸಿಕೊಂಡದ್ದು. ಯಾರೂ “ನೀನು ಒಳಗೆ ಹೋಗಿದ್ದೀಯಾ?” ಎಂದು ಕೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗೆ ಈ ಒಂದು ವಿಷಯದಲ್ಲಿ ಮಾತ್ರ ಇರಲಿಲ್ಲ.

ಅತ್ತಿಗೆ ನಮ್ಮ ಮನೆಗೆ ಬಂದಾಗ ನಾನು ಚಡ್ಡಿ ಹಾಕಿಕೊಂಡು ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದೆ. ಅವ್ವ ಕಾಯಿಲೆಯವಳು. ಹಾಗಾಗಿ ನನಗೆ ಎಣ್ಣೆ ನೀರು ಎರೆದು, ತಲೆ ಬಾಚಿ, ಮಗ್ಗಿ ಬಾರದಿದ್ದಾಗ ಅಣ್ಣನ ಏಟಿಗೆ ಅಡ್ಡ ಬಂದವರು ಅವರೇ. ಮದುವೆಯಲ್ಲಿ ಅವರು ತವರಿನಿಂದ ತಂದ ಸಾಮಾನುಗಳ ಪೈಕಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಹಿತ್ತಾಳೆಯ ಅಡಕತ್ತರಿ. ಅವರ ಅವ್ವನದಂತೆ. ಹಿಡಿಯ ಎರಡು ತುದಿಗೂ ಒಂದೊಂದು ಗಿಳಿ. ಬಿಚ್ಚಿದರೆ ಗಿಳಿಗಳು ಮುನಿಸಿಕೊಂಡು ದೂರ ಹೋಗುತ್ತವೆ, ಒತ್ತಿದರೆ ಕಟಕ್ ಎಂದು ಬಂದು ಕೊಕ್ಕಿಗೆ ಕೊಕ್ಕು ತಾಗಿಸುತ್ತವೆ. ರಾಗಿ ಹೊಲದಲ್ಲಿ ಕಳೆ ಕಿತ್ತು ಸಾಕಾಗಿ ಹೊಂಗೆ ಮರದಡಿ ಕೂತಾಗ ಅತ್ತಿಗೆ ಸೊಂಟದ ಎಲಡಿಕೆ ಚೀಲ ಬಿಚ್ಚುತ್ತಿದ್ದರು. ನನಗೆ ಅಡಿಕೆ ಕೊಡುತ್ತಿರಲಿಲ್ಲ; ಅದೇ ಅಡಕತ್ತರಿಯಲ್ಲಿ ಕೊಬ್ಬರಿ ಹೆಚ್ಚಿ, ಬೆಲ್ಲದ ಚೂರು ಸೇರಿಸಿ ಅಂಗೈಗೆ ಹಾಕುತ್ತಿದ್ದರು. ಅದಕ್ಕೆ ಅಡಿಕೆಯ ವಾಸನೆ ಒಂದಿಷ್ಟು ಹತ್ತಿರುತ್ತಿತ್ತು. ಈಗ ಎಂತೆಂಥ ಮಿಠಾಯಿ ತಿಂದರೂ ನನ್ನ ನಾಲಿಗೆ ಆ ಅಡಿಕೆ ವಾಸನೆಯನ್ನು ಹುಡುಕಿ ಸೋಲುತ್ತದೆ. ಶಾಲೆಯಿಂದ ಬರುತ್ತಾ ಕಟಕ್ ಎಂಬ ಸದ್ದು ಕೇಳಿದರೆ ಸಾಕು, ಅತ್ತಿಗೆ ಯಾವ ಸಾಲಿನಲ್ಲಿದ್ದಾರೆ ಎಂದು ಗೊತ್ತಾಗಿ ಚೀಲ ಎಸೆದು ಓಡುತ್ತಿದ್ದೆ.

ಅಣ್ಣ ತೀರಿಕೊಂಡ ಮೇಲೆ ಒಂದು ವರ್ಷ ಅತ್ತಿಗೆ ಕಾಶಿಗೆ ಹೊರಟರು. ಭಜನೆ ಮಂಡಳಿಯ ಹೆಂಗಸರ ಜೊತೆ, ವಿಮಾನದಲ್ಲಿ. ಹಿಂದಿನ ದಿನ ಚೀಲಕ್ಕೆ ಬಟ್ಟೆ ತುಂಬುತ್ತಾ, ಎಲ್ಲರ ಎದುರಿಗೆ ನನ್ನನ್ನು ಕೇಳಿದರು.

“ಸೀನಪ್ಪ, ಈ ಅಡಕತ್ತರಿ ಕೈಚೀಲದಾಗೆ ತಗೊಂಡೋಗ್ಬೋದೇನಪ್ಪ? ಇಲ್ಲ ದೊಡ್ ಪೆಟ್ಗೆಗೆ ಆಕ್ಲಾ?”

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ಕೇಳಿ ಹೇಳುತ್ತೇನೆ ಎಂದಿದ್ದರೂ ಆಗುತ್ತಿತ್ತು. ಮನೆ ತುಂಬ ಜನ ನನ್ನ ಬಾಯನ್ನೇ ನೋಡುತ್ತಿದ್ದರು.

“ಧಾರಾಳವಾಗಿ ಕೈಯಲ್ಲೇ ತಗೊಂಡೋಗಿ ಅತ್ಗೆ. ಎಲಡಿಕೆ ಹಾಕೋರಿಗೆ ವಿಮಾನದಲ್ಲಿ ಅದಕ್ಕೇ ಬೇರೆ ಕಾನೂನೈತೆ.”

ಆ ‘ಬೇರೆ ಕಾನೂನು’ ಎಲ್ಲಿಂದ ಬಂತೋ ನನಗೆ ಇವತ್ತಿಗೂ ತಿಳಿಯದು.

ಮರುದಿನ ಟೆಂಪೊದಲ್ಲಿ ಹೋಗಿ ಕಳಿಸಿದೆವು. ಅವರು ಒಳಗೆ ಹೋದ ಮೇಲೂ ನಾವು ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದೆವು. ನಾನು ಒಳಗೇನು ನಡೆಯುತ್ತದೆ ಎಂದು ಎಲ್ಲರಿಗೂ ವಿವರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅತ್ತಿಗೆ ದೂರದಿಂದ ಒಬ್ಬರೇ ಗಾಜಿನ ಕಡೆಗೆ ಬೇಗ ಬೇಗ ನಡೆದು ಬರುವುದು ಕಂಡಿತು. ಎತ್ತಿದ ಕೈಯಲ್ಲಿ ಏನೋ ಹೊಳೆಯುತ್ತಿತ್ತು. ಗಿಳಿಗಳು. ನನಗೆ ಆ ಕ್ಷಣವೇ ತಿಳಿಯಿತು. ತಪಾಸಣೆಯಲ್ಲಿ ಬಿಟ್ಟಿಲ್ಲ, ಹೊರಗೆ ನಿಮ್ಮವರಿದ್ದರೆ ಕೊಟ್ಟು ಬನ್ನಿ ಎಂದಿದ್ದಾರೆ. ನಾನು ಬಾಗಿಲ ಕಾವಲಿನವನ ಹತ್ತಿರ ಹೋಗಿ ಕೈ ಮುಗಿದಿದ್ದರೆ ಆಚೆಯಿಂದ ಇಸಕೊಂಡು ಕೊಡುತ್ತಿದ್ದ. ಇರುವುದು ಹತ್ತು ಹೆಜ್ಜೆ.

ಅತ್ತಿಗೆ ನನ್ನನ್ನೇ ನೋಡುತ್ತಾ ಅಡಕತ್ತರಿಯನ್ನು ಮೇಲೆತ್ತಿ ಆಡಿಸಿದರು. ನನ್ನ ಪಕ್ಕದಲ್ಲಿದ್ದ ರತ್ನಮ್ಮ, “ಏನಂತೆ ನೋಡ್ರಿ, ಅಕ್ಕ ಏನೋ ತೋರಿಸ್ತಾವ್ರೆ” ಎಂದಳು.

ನಾನು ಕೈ ಎತ್ತಿ ಬೀಸಿದೆ. “ಏನಿಲ್ಲ ಕಣೆ, ಟಾಟಾ ಮಾಡ್ತಾವ್ರೆ. ಮಾಡ್ರೋ ಎಲ್ಲರೂ!”

ಎಲ್ಲರೂ ಮಾಡಿದರು. ಇಡೀ ಟೆಂಪೊ ಗಾಜಿನ ಈಚೆ ಕೈ ಬೀಸಿತು. ಅತ್ತಿಗೆಯ ಕೈ ಮೆಲ್ಲಗೆ ಕೆಳಗಿಳಿಯಿತು. ಒಂದು ಗಳಿಗೆ ನಿಂತರು. ಆಮೇಲೆ ಅವರೂ ಇನ್ನೊಂದು ಕೈ ಎತ್ತಿ ನಮಗೆ ಟಾಟಾ ಮಾಡಿ, ತಿರುಗಿ ಹೋದರು.

ಕಾಶಿಯಿಂದ ಬಂದ ದಿನ ಮನೆಯಲ್ಲಿ ಹಬ್ಬದ ಅಡಿಗೆ. ಊಟವಾದ ಮೇಲೆ ರತ್ನಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ತಂದಿಟ್ಟು, “ಅಕ್ಕ, ನಿಮ್ಮ ಗಿಳಿ ಎಲ್ಲಿ?” ಎಂದಳು. ನಾನು ನೀರಿನ ಲೋಟ ಬಾಯಿಗೆ ಇಟ್ಟುಕೊಂಡು, ಅದನ್ನು ಕೆಳಗಿಡುವ ಧೈರ್ಯವಿಲ್ಲದೆ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದೆ.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದು ಒಂದನ್ನು ಅಲ್ಲಿ ಬಿಟ್ಟು ಬರುವುದು ಪದ್ಧತಿ. ಒಬ್ಬರು ಹಲಸಿನ ಹಣ್ಣು ಬಿಡುತ್ತಾರೆ, ಒಬ್ಬರು ಬದನೆಕಾಯಿ. ಕೆಲವು ಜಾಣರು ತಮಗೆ ಮೊದಲೇ ಸೇರದ ಹಾಗಲಕಾಯಿ ಬಿಟ್ಟು ಬರುವುದೂ ಉಂಟು.

ಅತ್ತಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಎಲಡಿಕೆ ಬಿಟ್ ಬಂದೆ ಕಣಮ್ಮ, ಕಾಶೀಲಿ. ಅದುನ್ನ ಬಿಟ್ ಮ್ಯಾಲೆ ಅಡಕತ್ತರಿ ಯಾಕೆ? ಅದ್ನೂ ಬಿಟ್ಟೆ.”

ಎಲ್ಲರೂ ಆಹಾ ಎಂದರು. ಎಂಥಾ ವೈರಾಗ್ಯ ಎಂದು ಪಕ್ಕದ ಮನೆಯವರು ಕಾಲಿಗೆ ಬಿದ್ದರು. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವರು ಎಲೆ ಅಡಿಕೆ ಮುಟ್ಟಲಿಲ್ಲ. ನನ್ನ ಒಂದು ಸುಳ್ಳನ್ನು ಮುಚ್ಚಲು, ಹದಿನಾರರ ವಯಸ್ಸಿನಿಂದ ಇದ್ದ ಚಪಲವನ್ನು ಒಂದೇ ಮಾತಿನಲ್ಲಿ ಬಿಟ್ಟುಬಿಟ್ಟರು. ಊಟವಾದ ಮೇಲೆ ಕೆಲವು ಸಲ ಅವರ ಕೈ ಸೊಂಟದ ಹತ್ತಿರ ಹೋಗಿ, ಚೀಲವಿಲ್ಲವೆಂದು ನೆನಪಾಗಿ, ಸೆರಗು ಸರಿಮಾಡಿಕೊಂಡು ವಾಪಸ್ಸು ಬರುತ್ತಿತ್ತು. ಅದನ್ನು ನೋಡಿದ ದಿನವೆಲ್ಲ ನಾಳೆ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಏರ್‌ಪೋರ್ಟಿನ ಬಗ್ಗೆ ಬುದ್ಧಿ ಹೇಳುವುದನ್ನಂತೂ ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಹೇಳತೊಡಗಿದೆ.

ಹೀಗಿರುವಾಗ ಹೋದ ಮಾಗಿಯಲ್ಲಿ ಅತ್ತಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ, “ಇನ್ನೊಂದ್ಸಲ ಕಾಶಿ ನೋಡ್ಬೇಕು” ಎಂದರು. ನಾಗರಾಜ ಟಿಕೆಟ್ ಮಾಡಿಸಲು ಕೂತ. “ಜೊತೆಗ್ ಯಾರಮ್ಮ?” ಎಂದ.

“ಸೀನಪ್ಪ ಬತ್ತಾನೆ. ಏರ್‌ಪೋರ್ಟೆಲ್ಲ ಗೊತ್ತಿರೋನು.”

ರತ್ನಮ್ಮನಿಗೆ ಮಂಡಿ ನೋವು, ಬರಲಾರೆ ಎಂದಳು. ನನಗೂ ಮಂಡಿ ನೋವು ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಡುವ ಮುಂಚೆ ಅವೆನ್ಯೂ ರಸ್ತೆಯ ಕಡೆ ಹೋಗಿ ಹಿತ್ತಾಳೆ ಅಂಗಡಿಗಳನ್ನು ಸುತ್ತಿದೆ. ಗಿಳಿ ಇರುವ ಅಡಕತ್ತರಿ ಬೇಕೆಂದರೆ ನವಿಲು ತೋರಿಸಿದರು, ಕುದುರೆ ತೋರಿಸಿದರು. ಕೊನೆಗೊಂದು ಅಂಗಡಿಯಲ್ಲಿ ಗಿಳಿಯೇ ಸಿಕ್ಕಿತು. ಹೊಸದು, ಕೊಕ್ಕು ಸ್ವಲ್ಪ ಕಾಗೆಯ ಹಾಗಿತ್ತು, ಇರಲಿ. ನನ್ನ ಯೋಚನೆ ಸುಲಭದ್ದು. ಏರ್‌ಪೋರ್ಟಿಗೆ ಹೋಗುವ ದಾರಿಯಲ್ಲಿ, ಕಾರಿನಲ್ಲೇ, ಇದನ್ನು ಕೈಗಿತ್ತು ತಪ್ಪಾಯ್ತು ಎನ್ನುವುದು. ಅವರು ಅದನ್ನು ನಾಗರಾಜನ ಕೈಲಿ ಮನೆಗೆ ಕಳಿಸುವುದು. ಅಲ್ಲಿಗೆ ಮುಗಿಯಿತು.

ಕಾರಿನಲ್ಲಿ ನಾಗರಾಜ ಎದುರಿಗಿದ್ದ. ಅವನೆದುರು ಬೇಡ, ಇಳಿದ ಮೇಲೆ ಎಂದುಕೊಂಡೆ. ಇಳಿದ ಮೇಲೆ ಅತ್ತಿಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ಉಸಿರು ತೆಗೆದುಕೊಂಡರು. ಈಗ ಹೇಳಿದರೆ ಅತ್ತುಬಿಡುತ್ತಾರೇನೋ, ಒಳಗೆ ಹೋದ ಮೇಲೆ ಎಂದುಕೊಂಡೆ. ನಾಗರಾಜ ಟಾಟಾ ಮಾಡಿ ಹೊರಟುಹೋದ. ಬಾಗಿಲಲ್ಲಿ ಮುಖ ನೋಡಿ ತಾನೇ ತೆರೆದುಕೊಳ್ಳುವ ಯಂತ್ರವೊಂದಿತ್ತು. ಎಲ್ಲರಿಗೂ ತೆರೆದುಕೊಂಡ ಅದು ನನ್ನ ಮುಖ ನೋಡಿ ಸುಮ್ಮನೆ ನಿಂತಿತು. ಹಿಂದಿನಿಂದ ಅತ್ತಿಗೆ, “ನಿಮ್ಮೊಲ ಅಂತ ಯೋಳಪ್ಪ ಅದ್ಕೆ, ಬಿಡ್ತದೆ” ಎಂದರು. ಅದು ನಮ್ಮ ಸಾಲಲ್ಲವಂತೆ. ಪಕ್ಕದ ಸಾಲಿನಲ್ಲಿ ಕಾವಲಿನವನು ಚೀಟಿ ನೋಡಿ ಬಿಟ್ಟ.

ಒಳಗೆ ಕಾಲಿಟ್ಟೆ ನೋಡಿ, ನನ್ನ ಪಾಂಡಿತ್ಯವೆಲ್ಲ ಬಾಗಿಲಾಚೆಯೇ ಉಳಿಯಿತು. ಅಷ್ಟು ದೊಡ್ಡ ಸೂರು, ನೇತಾಡುವ ಗಿಡಗಳು, ಜಾರುವ ನೆಲ, ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿದಿರುವ ಹಾಗೆ ನಡೆಯುವ ಜನ! ನಾನು ಟ್ರಾಲಿ ಹಿಡಿದು ನಿಂತಲ್ಲೇ ನಿಂತೆ. ಅತ್ತಿಗೆ ಒಂದು ನಿಮಿಷ ನನ್ನ ಮುಖ ನೋಡಿದರು.

“ನೀನು ಒಳಗ್ ಬಂದೇ ಇಲ್ಲ ಅಲ್ವೇನೋ?”

“ಇಲ್ಲ ಅತ್ಗೆ.”

“ನಂಗೆ ಅವತ್ತೇ ಅನುಮಾನ ಬಂದಿತ್ತು. ಬಾ.” ನನ್ನ ಮಣಿಕಟ್ಟು ಹಿಡಿದು, ಶಾಲೆಗೆ ಬಿಡುವಾಗಿನ ಹಾಗೆ, ನಡೆಸಿಕೊಂಡು ಹೋದರು.

ಪೆಟ್ಟಿಗೆ ಕೊಡುವ ಕಡೆ ಹುಡುಗಿಯೊಬ್ಬಳು ಚೀಟಿ ನೋಡಿ ಒಂದು ಹೆಸರು ಕರೆದಳು. ಯಾರಪ್ಪ ಇದು ಎಂದು ನಾನು ಹಿಂದೆ ಮುಂದೆ ನೋಡಿದೆ. “ನಂದೇ ಕಣೋ” ಎಂದು ಅತ್ತಿಗೆ ನಕ್ಕರು. ನನಗೆ ಮುಖ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಅವರ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದದ್ದು ನಾನು ಕೇಳಿರಲೇ ಇಲ್ಲ. ಮನೆಯಲ್ಲಿ ಅವರು ಒಬ್ಬರಿಗೆ ಅತ್ತಿಗೆ, ಒಬ್ಬರಿಗೆ ಅಕ್ಕ, ಉಳಿದವರಿಗೆ ಅಮ್ಮ, ಅಜ್ಜಿ. ಈ ತಬ್ಬಿಬ್ಬಿನಲ್ಲಿ ಪೆಟ್ಟಿಗೆ ಬೆಲ್ಟಿನ ಮೇಲೆ ಹೋಗಿಬಿಟ್ಟಿತು. ಅಡಕತ್ತರಿ ನನ್ನ ಜುಬ್ಬದ ಜೇಬಿನಲ್ಲೇ ಉಳಿಯಿತು.

ತಪಾಸಣೆಯಲ್ಲಿ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು. ಅತ್ತಿಗೆ ಮುಗಿಸಿಕೊಂಡು ಆಚೆ ನಿಂತರು. ನನ್ನ ಸರದಿಯಲ್ಲಿ ಯಂತ್ರ ಕೂಗಿತು. ಕೈಯಲ್ಲಿ ಕೋಲಿನಂಥದ್ದು ಹಿಡಿದಿದ್ದವನು ಸೊಂಟದ ಹತ್ತಿರ ತಂದ, ಅದೂ ಕೂಗಿತು. ಬೆಳ್ಳಿ ಉಡಿದಾರ. ಹಳೇ ಕಾಲದವರು ಗಮನಿಸಿ: ಉಡಿದಾರ ಇದ್ದರೆ ನಾಚಿಕೊಳ್ಳದೆ ಮೊದಲೇ ಹೇಳಿಬಿಡಿ. ಅದನ್ನು ನೋಡಿ ಅವನು ನಕ್ಕ, ನಾನೂ ನಕ್ಕೆ. ಆಮೇಲೆ ಕೋಲು ಜೇಬಿನ ಹತ್ತಿರ ಬಂದು ಇನ್ನೂ ಜೋರಾಗಿ ಕೂಗಿತು. ಅವನು ನಗುವುದನ್ನು ನಿಲ್ಲಿಸಿದ.

ಹೊರಬಂದ ಗಿಳಿಗಳನ್ನು ತಿರುಗಿಸಿ ನೋಡಿ, ಹಿಂದಿಯಲ್ಲಿ ಇದೇನೆಂದು ಕೇಳಿದ. ನನಗೆ ಹಿಂದಿ ಬಾರದು. ಬಾಯಲ್ಲಿ ಕಟಕ್ ಎಂದು ಸದ್ದು ಮಾಡಿ, ಬೆರಳು ಕತ್ತರಿಸುವ ಹಾಗೆ ತೋರಿಸಿದೆ. ವಿಷಯ ಇನ್ನಷ್ಟು ಕೆಟ್ಟಿತು. ಇನ್ನೊಬ್ಬನನ್ನು ಕರೆದ. ಅಷ್ಟರಲ್ಲಿ ಆಚೆಯಿಂದ ಅತ್ತಿಗೆ ಕುತ್ತಿಗೆ ಚಾಚಿ, “ಏನ್ ಸೀನಪ್ಪ ಅದು?” ಎಂದರು.

“ಏನಿಲ್ಲ ಅತ್ಗೆ... ನಿಮಗೆ ಅಂತ... ಕಾರಲ್ಲೇ ಕೊಡೋಣ ಅಂತಿದ್ದೆ.”

ಅತ್ತಿಗೆ ಗಿಳಿಗಳನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಸಿಕ್ಕಿಬಿದ್ದ ಭಯಕ್ಕೋ ಬೇರೆಯದಕ್ಕೋ ಗೊತ್ತಿಲ್ಲ.

“ಇಲ್ಲಿ ಬಿಡಲ್ಲ ಅಂತ ನಿಂಗ್ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಯಾವತ್ತಿಂದ?”

“ಅವತ್ತಿಂದ.”

ಅತ್ತಿಗೆಯ ಮುಖ ಮೊದಲು ಗಂಭೀರವಾಯಿತು. ಆಮೇಲೆ ತುಟಿಯ ತುದಿ ಅಲುಗಿತು, ಹೆಗಲು ಅಲುಗಿತು. ಕೊನೆಗೆ ಸೆರಗು ಬಾಯಿಗೆ ಒತ್ತಿಕೊಂಡು, ಪಕ್ಕದ ಕುರ್ಚಿ ಹಿಡಿದುಕೊಂಡು ನಗತೊಡಗಿದರು. ತಪಾಸಣೆಯ ಹುಡುಗರೂ ಏನೂ ತಿಳಿಯದೆ ನಕ್ಕರು. ಅವರು ನನ್ನ ಗಿಳಿಗಳನ್ನು ಒಂದು ಡಬ್ಬಕ್ಕೆ ಹಾಕಲು ಹೋದಾಗ ಅತ್ತಿಗೆ ಅಲ್ಲಿಂದಲೇ ಕೂಗಿದರು.

“ಟಾಟಾ ಮಾಡಪ್ಪ ಅದ್ಕೆ. ನಿಂಗೆ ಸಂದಾಗ್ ಬತ್ತದೆ!”

ನಾನು ಮಾಡಿದೆ. ಜುಬ್ಬದ ತೋಳು ಮೇಲೇರಿಸಿಕೊಂಡು, ಅಷ್ಟು ಜನರ ನಡುವೆ ನಿಂತು, ಅಡಕತ್ತರಿಗೆ ಕೈ ಬೀಸಿದೆ. ಅತ್ತಿಗೆಯೂ ಬೀಸಿದರು. ಹಾಗಾದರೆ ಅವತ್ತು ಅವರಿಗೆ ಎಲ್ಲವೂ ತಿಳಿದಿತ್ತು. ನಾನು ನೋಡಿದ್ದೂ, ನೋಡದವನ ಹಾಗೆ ನಟಿಸಿದ್ದೂ.

ವಿಮಾನ ಏರಿದಾಗ ನಾನು ಕಿಟಕಿಯ ಕಡೆ ಬಗ್ಗಿ, “ಅಗೋ ಅತ್ಗೆ, ಟ್ಯಾಕ್ಸಿ ನಿಂತವೆ ನೋಡಿ, ನಮ್ಮ ಬಾವಿ” ಎಂದೆ. ಅವರು ಗಾಜಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. “ಬಾವಿ ಆ ಕಡೆ ಅಲ್ವೇನೋ ಇದ್ದುದ್ದು! ಅಲ್ಲಿದ್ದುದ್ದು ನಮ್ ತಿಪ್ಪೆ.” ಅಷ್ಟು ವರ್ಷ ನೆಂಟರಿಷ್ಟರನ್ನೆಲ್ಲ ನಾನು ಇಳಿಸಿದ್ದು ನಮ್ಮ ತಿಪ್ಪೆಯ ಮೇಲೆ. ಇಬ್ಬರೂ ಮತ್ತೆ ನಕ್ಕು ನಕ್ಕು, ಮುಂದಿನ ಸೀಟಿನವರು ತಿರುಗಿ ನೋಡುವ ಹಾಗಾಯಿತು.

ಕಾಶಿಯಲ್ಲಿ ಗಂಗೆಯ ಮೆಟ್ಟಿಲ ಮೇಲೆ, ಏನು ಬಿಡುತ್ತೀರಿ ಎಂದು ಕನ್ನಡ ಬಲ್ಲ ಪುರೋಹಿತರು ಕೇಳಿದರು. ನಾನು ಹೇಳಿದ್ದನ್ನು ಕೇಳಿ ಅವರು ಮಂತ್ರ ನಿಲ್ಲಿಸಿ, ಹಣ್ಣೋ ತರಕಾರಿಯೋ ಎಂದರು. ಅತ್ತಿಗೆಯೇ ಉತ್ತರ ಕೊಟ್ಟರು: “ಇವ್ನಿಗೆ ಅದೇ ಊಟ ಸ್ವಾಮಿ, ಬಿಡ್ಸಿ.” ಆಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂತೆವು. ಬಿಸಿಲು ಹಿತವಾಗಿತ್ತು. ಇದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದುಕೊಂಡು, “ಅತ್ಗೆ, ಅವತ್ತು ಗಾಜಿನ ಹತ್ರ...” ಎಂದೆ.

“ಕೊಬ್ರಿ ತಿಂತೀಯಾ?” ಎಂದು ಅವರು ಸೊಂಟದ ಗಂಟು ಬಿಚ್ಚಿದರು. ಗುಡಿಯಲ್ಲಿ ಕೊಟ್ಟ ಕೊಬ್ಬರಿ ಚೂರು. ಹಲ್ಲಿಲ್ಲದ ಅವರು ಅದನ್ನು ನನಗಾಗಿಯೇ ಕಟ್ಟಿಕೊಂಡಿದ್ದರು. ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡವನು ತಪ್ಪಾಯ್ತು ಎನ್ನಲು ಆಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ನನಗೂ ಅಗಿಯುವುದೇ ಸುಲಭವೆನಿಸಿತು.

ವಾಪಸ್ಸು ಬರುವಾಗ ಅಲ್ಲಿಯ ನಿಲ್ದಾಣದಲ್ಲಿ ಒಂದು ಸಂಗತಿ ಕಂಡೆ. ಬಾಗಿಲು ಮುಚ್ಚುವ ಮೊದಲು, ತಡ ಮಾಡಿದವರಿಗಾಗಿ ಹುಡುಗಿಯೊಬ್ಬಳು ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾ ಓಡಾಡುತ್ತಾಳೆ. ಕೊನೆಯ ಕರೆ. ಕೂಗಿದ ಮೇಲೆ ಆ ಹೆಸರಿನವರು ಎಲ್ಲಿದ್ದರೂ ತಲೆ ಎತ್ತಲೇಬೇಕು.

ಮಧ್ಯಾಹ್ನ ಊಟವಾದ ಮೇಲೆ ನಾಗರಾಜ ಅವನ ಅಮ್ಮನಿಗೆ ಪೇಪರು, ಪುಸ್ತಕ ಏನಾದರೂ ಓದಿ ಹೇಳುವುದು ವಾಡಿಕೆ. ನಾಳೆ ಇದನ್ನು ಅವನ ಕೈಗೆ ಕೊಡುತ್ತೇನೆ. ನಾಗರಾಜ, ಇಲ್ಲಿಯವರೆಗೆ ಹೇಗೆ ಓದಿದೆಯೋ ಇರಲಿ. ಈ ಕೊನೆಯ ಸಾಲನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿ ಓದು. ತಡ ಮಾಡಿದವನು ನಾನು. ಕೂಗಬೇಕಾದ ಹೆಸರು ಅವರದು. ಅವರ ಬಾಯಲ್ಲಿ ಆಗ ಕೊಬ್ಬರಿ ಇರದ ಹಾಗೆ, ನನ್ನ ಬಾಯಲ್ಲೂ ಇರದ ಹಾಗೆ ನೋಡಿಕೋ.

ತಪ್ಪಾಯ್ತು, ಚಿಕ್ಕತಾಯಮ್ಮ.